ಮಾಲಿ, ಬುರ್ಕಿನಾ, ನೈಜರ್ ಒಕ್ಕೂಟ ಯಾರಿಂದ ಯಾರನ್ನ ಕಾಪಾಡೋಕೆ?

ತಿರುಗಾಲ: ಮೂರು ದಿನದಿಂದ ನನ್ನ ಫೀಡ್ ತುಂಬಾ ಬುರ್ಕಿನಾ ಫಾಸೊದ ಮಿಲಿಟರಿ ಆಡಳಿತಗಾರ ಟ್ರಾವೊರೆ ವಿಡಿಯೋಗಳೇ, ಒಂದರಲ್ಲಿ ಆಫ್ರಿಕಾದ ಹೀರೋ, ಮುಂದಿನದ್ರಲ್ಲಿ ಫುಲಾನಿ ಜನರನ್ನ ಕೊಲ್ಲಿಸ್ತಿದಾನೆ ಅಂತ. ಅಕ್ಕಪಕ್ಕದ ಮೂರು ದೇಶ ಸೇರಿ ಸಾಹೇಲ್ ಒಕ್ಕೂಟ ಅಂತ ಮಾಡ್ಕೊಂಡಿದಾರಲ್ಲ, ಅದು ನಿಜವಾಗ್ಲೂ ಉಗ್ರರ ವಿರುದ್ಧನಾ ಇಲ್ಲ ಮಿಲಿಟರಿಯವರು ಒಬ್ಬರ ಕುರ್ಚಿ ಇನ್ನೊಬ್ರು ಹಿಡ್ಕೊಂಡಿರೋದಾ? ಇದ್ರಲ್ಲಿ ಫುಲಾನಿಗಳು ಎಲ್ಲಿಂದ ಬಂದ್ರು?

ನಕ್ಷೆಹುಚ್ಚ: ಎರಡೂ ಹೌದು. ತಾರೀಖು ನೋಡಿ ಗೊತ್ತಾಗುತ್ತೆ. 2023ರ ಜುಲೈನಲ್ಲಿ ನೈಜರ್‌ನಲ್ಲಿ ಸೈನ್ಯ ಅಧಿಕಾರ ಹಿಡೀತು, ಇಕೋವಾಸ್ (ಪಶ್ಚಿಮ ಆಫ್ರಿಕಾ ದೇಶಗಳ ಕೂಟ) ನವರು ಪಡೆ ಕಳಿಸ್ತೀವಿ ಅಂತ ಗದರಿಸಿದ್ರು, ಸೆಪ್ಟೆಂಬರ್ 16ಕ್ಕೆ ಈ ಒಕ್ಕೂಟ ಕಟ್ಟಿದ ಲಿಪ್ಟಾಕೊ-ಗೂರ್ಮಾ ಚಾರ್ಟರ್‌ಗೆ ಮೂರೂ ದೇಶದ ಸಹಿ. ಒಬ್ಬರ ಮೇಲೆ ಬಿದ್ರೆ ಮೂವರ ಮೇಲೂ ಬಿದ್ದಂಗೆ ಅನ್ನೋದೇ ಅದರ ತಿರುಳು. ಆಮೇಲೆ 2025ರ ಜನವರಿಯಲ್ಲಿ ಇಕೋವಾಸ್‌ನೇ ಬಿಟ್ಟು ಬಂದ್ರು. ಲಿಪ್ಟಾಕೊ-ಗೂರ್ಮಾ ಅಂದ್ರೆ ಮೂರೂ ಗಡಿ ಸೇರೋ ಜಾಗ, ಉಗ್ರರ ಕಾಟ ವಿಪರೀತ ಇರೋದು ಅಲ್ಲೇ, ಹಾಗಾಗಿ ಪೂರ್ತಿ ನಾಟಕ ಅಂತಾನೂ ಹೇಳಕ್ಕಾಗಲ್ಲ.

ಬೆಳದಿಂಗಳು: ಫುಲಾನಿ ಪ್ರಶ್ನೆಗೆ ನಾನು ಹೇಳ್ತೀನಿ. ಅವರು ದನ ಮೇಯಿಸ್ಕೊಂಡು ಓಡಾಡೋ ಜನ, ಪಶ್ಚಿಮ ಆಫ್ರಿಕಾ ತುಂಬಾ ಇದಾರೆ, ಹುಲ್ಲುಗಾವಲು ಹೊಲ ಆಗ್ತಾ ಬಂದು ರೈತರ ಜೊತೆ ಜಗಳ ಹಳೇದು. ಮಾಲಿಯ ಅಮಾದು ಕೂಫಾ ಅನ್ನೋ ಫುಲಾನಿ ಬೋಧಕ ಆ ಸಿಟ್ಟನ್ನೇ ಹಿಡ್ಕೊಂಡು ಹುಡುಗರನ್ನ ಸೇರಿಸ್ಕೊಂಡ, ಅಲ್ಲಿಂದ ಶುರು, ಫುಲಾನಿ ಅಂದ್ರೆ ಉಗ್ರ ಅನ್ನೋ ಹಣೆಪಟ್ಟಿ. ಅವನ ಗುಂಪು ಸೇರಿರೋ ಜೆಎನ್‌ಐಎಂ ಅನ್ನೋ ಅಲ್ ಖೈದಾ ನಂಟಿನ ಉಗ್ರ ಕೂಟದ ಮುಖ್ಯಸ್ಥ ಟುವಾರೆಗ್ ಅನ್ನೋ ಬೇರೆ ಜನಾಂಗದವನು ಅನ್ನೋದು ಮಾತ್ರ ಯಾರಿಗೂ ನೆನಪಾಗಲ್ಲ!

ಆ ಹಣೆಪಟ್ಟಿ ಏನು ಮಾಡುತ್ತೆ ನೋಡಿ: 2022ರ ಮಾರ್ಚ್ 27, ಮಾಲಿಯ ಮೂರಾ ಅನ್ನೋ ಹಳ್ಳೀಲಿ ಸಂತೆ ದಿನ. ಹೆಲಿಕಾಪ್ಟರ್ ಬಂತು, ಮಾಲಿ ಸೈನಿಕರ ಜೊತೆ ಬಿಳಿ ವಿದೇಶಿಯರೂ ಇದ್ರು, ಐದು ದಿನ ಊರು ಮುತ್ತಿಗೆ. ಗಡ್ಡ ಉದ್ದ ಇದ್ದವನು, ಪ್ಯಾಂಟ್ ಕಣಕಾಲಿಗಿಂತ ಮೇಲಿದ್ದವನು, ಭುಜದ ಮೇಲೆ ಗುರುತಿದ್ದವನು (ಬಂದೂಕು ಹೊತ್ತು ಆಗಿರ್ಬೇಕು ಅಂತ ಲೆಕ್ಕ) ಪಕ್ಕಕ್ಕೆ ಬಾ ಅಂತ ಆರಿಸಿದ್ರಂತೆ. ವಿಶ್ವಸಂಸ್ಥೆಯ ವರದಿ ಪ್ರಕಾರ ಸತ್ತವರು 500ಕ್ಕಿಂತ ಜಾಸ್ತಿ, ಮಾಲಿ ಸರ್ಕಾರದ ಪ್ರಕಾರ ಸತ್ತಿದ್ದು 203 ಉಗ್ರರು, ಅಷ್ಟೇ.

ಗಟ್ಟಿಗ_07: ಒನ್ ಸೈಡ್ ಆಯ್ತು ಇದು. 2024ರ ಆಗಸ್ಟ್‌ನಲ್ಲಿ ಬುರ್ಕಿನಾದ ಬಾರ್ಸಲೋಗೊದಲ್ಲಿ ಊರಿನ ಸುತ್ತ ಕಂದಕ ತೋಡ್ತಿದ್ದವರನ್ನ ಅದೇ ಜೆಎನ್‌ಐಎಂ ನೂರರ ಮೇಲೆ ಕೊಂದು ಹಾಕ್ತು. ಉಗ್ರರನ್ನ ಹೊಡೀತೀವಿ ಅಂತ ಬಂದ ಫ್ರಾನ್ಸ್ ಸೈನ್ಯ ವರ್ಷಗಟ್ಟಲೆ ಇದ್ದು ಏನು ಕಿಸಿದ್ರು? ತಮ್ಮ ದೇಶ ತಾವೇ ನೋಡ್ಕೋತೀವಿ ಅಂದ್ರೆ ತಪ್ಪೇನು?

ಬೆಳದಿಂಗಳು: ತಪ್ಪಿಲ್ಲ ಗುರು, ಫ್ರಾನ್ಸ್ ಬಗ್ಗೆ ನಂದೂ ಅದೇ ಮಾತು. ಆದ್ರೆ ಆ ಕಂದಕ ತೋಡೋಕೆ ಬಲವಂತವಾಗಿ ಕರ್ಕೊಂಡು ಹೋಗಿದ್ದು ಸೈನ್ಯಾನೇ ಅಂತ ಅಲ್ಲಿಯವರೇ ಹೇಳಿದ್ರು. ಇನ್ನು ಬುರ್ಕಿನಾದಲ್ಲಿ ವಿಡಿಪಿ ಅಂತ ಕಾವಲು ಪಡೆ ಮಾಡಿ ಊರಿನವರ ಕೈಗೆ ಬಂದೂಕು ಕೊಟ್ರಲ್ಲ 2020ರಲ್ಲಿ, ಕಾನೂನಲ್ಲಿ ಬರೆದಿದ್ದ ತರಬೇತಿ 14 ದಿನ, ಅದರಲ್ಲಿ ಫುಲಾನಿಗಳನ್ನ ಸೇರಿಸ್ಕೊಂಡಿದ್ದು ತೀರಾ ಕಮ್ಮಿ. 2025ರ ಮಾರ್ಚ್‌ನಲ್ಲಿ ಬುರ್ಕಿನಾದ ಸೊಲೆಂಜೊ ಹತ್ರ 130ಕ್ಕೂ ಹೆಚ್ಚು ಫುಲಾನಿಗಳನ್ನ ಸೈನ್ಯ, ವಿಡಿಪಿ ಸೇರಿ ಕೊಂದ್ರು ಅಂತ ಹ್ಯೂಮನ್ ರೈಟ್ಸ್ ವಾಚ್ ವರದಿ ಕೊಡ್ತು. ವಿಚಾರಿಸೋರು ಯಾರು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮೂರೂ ದೇಶ ಒಟ್ಟಿಗೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಬಿಡ್ತೀವಿ ಅಂದ್ರು.

ತಿರುಗಾಲ: ಮೂರೂ ಕಡೆ ಒಂದೇ ಆದ್ರೆ ಓಡೋದಾದ್ರೂ ಎಲ್ಲಿಗೆ?

ನಕ್ಷೆಹುಚ್ಚ: ಒಕ್ಕೂಟದಾಚೆಗೆ. ಮಾಲಿಯಿಂದ ಮಾರಿಟಾನಿಯಾದ ಎಂಬೆರಾ ಕ್ಯಾಂಪಿಗೆ, ಬುರ್ಕಿನಾದಿಂದ ಕೆಳಗೆ ಐವರಿ ಕೋಸ್ಟ್, ಘಾನಾ ಕಡೆಗೆ, ದನ ಉಳಿದಿದ್ರೆ ದನ ಹೊಡ್ಕೊಂಡು.