ಸವಿತಾಳ ಪ್ರಶ್ನೆಗೆ ಉತ್ತರ: ಮಗಳಿಗೆ ಲಸಿಕೆ, ತಾಯಿಗೆ ತಪಾಸಣೆ

ಸವಿತಾ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆ ಓದಿದೆ. ಅನನ್ಯಾಳ ಶಾಲೆಯಿಂದ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಒಪ್ಪಿಗೆ ಪತ್ರ ಬಂದಿದೆ, ಹನ್ನೆರಡು ವರ್ಷದ ಮಗುವಿಗೆ ಈಗಲೇ ಇದು ಬೇಕೇ ಎಂದು ಕೇಳಿದ್ದೀಯೆ. ಅದರ ಕೆಳಗೆ ಭಾವನವರು, ಆಂಧ್ರದಲ್ಲಿ ಈ ಲಸಿಕೆಯಿಂದ ಹೆಣ್ಣುಮಕ್ಕಳು ಸತ್ತರು, ಇದನ್ನು ಹಾಕಿಸಿಕೊಂಡವರಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಸಂದೇಶವನ್ನು ಕಳುಹಿಸಿದ್ದಾರೆ. ಧ್ವನಿ ಸಂದೇಶ ಮಾಡಲು ಎರಡು ಸಲ ಕುಳಿತೆ, ದೊಡ್ಡಕ್ಕನ ಮಾತು ಬಂದಾಗಲೆಲ್ಲ ಗಂಟಲು ಕಟ್ಟಿತು. ಆದ್ದರಿಂದ ಹೇಳಬೇಕೆಂದಿದ್ದನ್ನೆಲ್ಲ ಬರೆದೇ ಕಳುಹಿಸುತ್ತಿದ್ದೇನೆ. ಗಂಡಸರೂ ಇರುವ ಗುಂಪಿನಲ್ಲಿ ಇಂಥ ಮಾತೇಕೆ ಎಂದು ಯಾರಿಗಾದರೂ ಅನ್ನಿಸಿದರೆ ದಯವಿಟ್ಟು ಕೊನೆಯವರೆಗೆ ಓದಿ, ಏಕೆಂದರೆ ನಮ್ಮ ಮನೆಗಳಲ್ಲಿ ಆಸ್ಪತ್ರೆಗೆ ಹೋಗಬೇಕೇ ಬೇಡವೇ ಎಂಬುದನ್ನು ಬಹಳ ಸಲ ನೀವೇ ತೀರ್ಮಾನಿಸುತ್ತೀರಿ.

ಗರ್ಭಕೋಶದ ಬಾಯಿಗೆ, ಅಂದರೆ ಗರ್ಭಕಂಠಕ್ಕೆ, ಬರುವ ಕ್ಯಾನ್ಸರ್‌ಗೆ ಹೆಚ್ಚುಕಡಿಮೆ ಎಲ್ಲ ಸಂದರ್ಭಗಳಲ್ಲೂ ಎಚ್‌ಪಿವಿ ಎಂಬ ವೈರಸ್ಸೇ ಮೂಲ. ಇದನ್ನು ಕಂಡುಹಿಡಿದ ಜರ್ಮನಿಯ ವಿಜ್ಞಾನಿ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈ ವೈರಸ್ಸಿನ ನೂರಕ್ಕೂ ಹೆಚ್ಚು ಬಗೆಗಳ ಪೈಕಿ 16 ಮತ್ತು 18 ಎಂಬ ಎರಡೇ ಬಗೆಗಳು ನೂರರಲ್ಲಿ ಸುಮಾರು ಎಪ್ಪತ್ತು ಗರ್ಭಕಂಠದ ಕ್ಯಾನ್ಸರ್‌ಗಳಿಗೆ ಕಾರಣ. ದೇಹಸಂಪರ್ಕದಿಂದ ಹರಡುವ ಇದು ಎಷ್ಟು ಸಾಮಾನ್ಯವೆಂದರೆ, ಸಂಸಾರ ಮಾಡಿದ ಬಹುಪಾಲು ಜನರಿಗೆ, ಗಂಡಿಗಾಗಲಿ ಹೆಣ್ಣಿಗಾಗಲಿ, ಒಂದಲ್ಲ ಒಂದು ಕಾಲದಲ್ಲಿ ತಗುಲಿಯೇ ಇರುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು, ಹದಿನೈದು ಇಪ್ಪತ್ತು ವರ್ಷಗಳಲ್ಲಿ ನಿಧಾನವಾಗಿ ಕ್ಯಾನ್ಸರ್ ಆಗುತ್ತದೆ. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1,27,000 ಹೆಂಗಸರಿಗೆ ಈ ಕಾಯಿಲೆ ಬಂತು, ಸುಮಾರು 80,000 ಹೆಂಗಸರು ತೀರಿಕೊಂಡರು.

ಹನ್ನೆರಡು ವರ್ಷಕ್ಕೇ ಏಕೆ ಎಂದರೆ, ಈ ಲಸಿಕೆಗೆ ವೈರಸ್ಸನ್ನು ಒಳಗೆ ಬಿಡದಿರುವ ಶಕ್ತಿಯಿದೆ, ಆಗಲೇ ಒಳಗಿರುವುದನ್ನು ಓಡಿಸುವ ಶಕ್ತಿಯಿಲ್ಲ. ಆದ್ದರಿಂದ ಮದುವೆ, ಸಂಸಾರಗಳಿಗೆ ಬಹಳ ಮೊದಲೇ, ದೇಹ ಚೆನ್ನಾಗಿ ಪ್ರತಿಕ್ರಿಯಿಸುವ 9ರಿಂದ 14ರ ವಯಸ್ಸಿನಲ್ಲಿ ಇದನ್ನು ಹಾಕಿಸುತ್ತಾರೆ. ಒಳ್ಳೆಯ ಮನೆತನದ ಹುಡುಗಿಗೆ ಇದೇಕೆ ಎಂದು ಕೇಳುವವರನ್ನು ನರ್ಸ್ ಕೆಲಸದಲ್ಲಿದ್ದಾಗ ಬಹಳ ಕಂಡಿದ್ದೇನೆ. ತನ್ನ ಜನ್ಮದಲ್ಲಿ ಗಂಡನೊಬ್ಬನನ್ನೇ ಬಲ್ಲ ಹೆಂಗಸರು ಈ ಕಾಯಿಲೆಯಿಂದ ಮಲಗಿದ್ದನ್ನೂ ಕಂಡಿದ್ದೇನೆ. ಇದರಲ್ಲಿ ನಡತೆಯ ಪ್ರಶ್ನೆಯನ್ನು ತರಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಭಾವನವರು ಕಳುಹಿಸಿದ ಸಂದೇಶದಲ್ಲಿ ಅರ್ಧ ಸತ್ಯವಿದೆ, ಆದ್ದರಿಂದ ಅದನ್ನು ತಳ್ಳಿಹಾಕದೆ ಬಿಡಿಸಿ ಹೇಳುತ್ತೇನೆ. 2009-10ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಈ ಲಸಿಕೆ ಹಾಕಿದಾಗ ಏಳು ಹುಡುಗಿಯರು ತೀರಿಕೊಂಡದ್ದು ನಿಜ. ತನಿಖೆಯಲ್ಲಿ ಒಬ್ಬಳು ನೀರಿನಲ್ಲಿ ಮುಳುಗಿ, ಒಬ್ಬಳು ಹಾವು ಕಚ್ಚಿ, ಇನ್ನು ಕೆಲವರು ಕೀಟನಾಶಕದಿಂದ, ಜ್ವರದಿಂದ ಸತ್ತದ್ದು ತಿಳಿಯಿತು. ಲಸಿಕೆಗೂ ಸಾವಿಗೂ ಸಂಬಂಧ ಕಾಣಲಿಲ್ಲ. ಆದರೆ ವಸತಿ ಶಾಲೆಗಳ ಹುಡುಗಿಯರಿಗೆ ತಂದೆತಾಯಿಯರನ್ನು ಕೇಳದೆ ವಾರ್ಡನ್‌ಗಳ ಸಹಿ ಪಡೆದು ಲಸಿಕೆ ಹಾಕಿದ್ದು ದೊಡ್ಡ ತಪ್ಪು. ಸಂಸತ್ತಿನ ಸಮಿತಿಯೂ 2013ರಲ್ಲಿ ಅದನ್ನು ಕಟುವಾಗಿ ಟೀಕಿಸಿತು. ಇಂದು ನಿನ್ನ ಕೈಗೆ ಒಪ್ಪಿಗೆ ಪತ್ರ ಬಂದಿದೆ, ಪ್ರಶ್ನೆ ಕೇಳಲು ಸಮಯವಿದೆ. ಆ ಹುಡುಗಿಯರ ತಾಯಂದಿರಿಗೆ ಅದು ಸಿಕ್ಕಿರಲಿಲ್ಲ. ಆಗ ಸರ್ಕಾರ ಎಲ್ಲವನ್ನೂ ನಿಲ್ಲಿಸಿದ್ದರಿಂದ, ದೇಶದಲ್ಲಿ ನಡೆಯುತ್ತಿದ್ದ ಬೇರೊಂದು ಅಧ್ಯಯನದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿ, ಉಳಿದದ್ದು ಸಿಗದೆ ಹೋಯಿತು. ಹತ್ತು ವರ್ಷ ಅವರ ಬೆನ್ನು ಬಿಡದೆ ಪರೀಕ್ಷಿಸಿದಾಗ, 16 ಮತ್ತು 18ನೇ ಬಗೆಯ ಸೋಂಕು ದೇಹದಲ್ಲಿ ನೆಲೆಯೂರುವುದನ್ನು ಆ ಒಂದು ಡೋಸೇ ನೂರಕ್ಕೆ ಸುಮಾರು ತೊಂಬತ್ತೈದರಷ್ಟು ತಡೆದಿತ್ತು. ಒಂದು ಡೋಸ್ ಕೂಡ ಸಾಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದಕ್ಕೆ ನಮ್ಮ ಈ ಹೆಣ್ಣುಮಕ್ಕಳಿಂದ ದೊರೆತ ಮಾಹಿತಿಯೂ ಆಧಾರವಾಗಿದೆ.

ಮಕ್ಕಳಾಗುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ. ಲಸಿಕೆಯಲ್ಲಿ ಇರುವುದು ವೈರಸ್ಸಿನ ಹೊರಕವಚದ ಪ್ರೋಟೀನ್ ಮಾತ್ರ, ಜೀವಂತ ವೈರಸ್ ಇಲ್ಲ. ಸ್ಕಾಟ್ಲೆಂಡಿನಲ್ಲಿ 2008ರಿಂದ ಶಾಲೆಗಳಲ್ಲಿ ಈ ಲಸಿಕೆ ಕೊಡುತ್ತಿದ್ದಾರೆ. ಹನ್ನೆರಡು ಹದಿಮೂರನೇ ವಯಸ್ಸಿನಲ್ಲಿ ಅದನ್ನು ಪಡೆದು ಈಗ ದೊಡ್ಡವರಾಗಿರುವ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರಿನ ಒಂದು ಪ್ರಕರಣವೂ ಕಂಡಿಲ್ಲ ಎಂದು 2024ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಪುಣೆಯ ಸೀರಂ ಸಂಸ್ಥೆ ತಯಾರಿಸುವ ಸೆರ್ವಾವ್ಯಾಕ್ ಎಂಬ ಇದೇ ಲಸಿಕೆ 2023ರಿಂದ ಸಿಗುತ್ತಿದೆ. ಖಾಸಗಿಯಾಗಿ ಹಾಕಿಸುವಾಗ ಹದಿನಾಲ್ಕರವರೆಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, ಹದಿನೈದು ತುಂಬಿದರೆ ಮೂರು ಡೋಸ್ ಕೊಡುವುದು ರೂಢಿ. ತೋಳು ಒಂದೆರಡು ದಿನ ನೋಯುತ್ತದೆ. ಚುಚ್ಚಿದಾಗ ತಲೆಸುತ್ತಿ ಬೀಳುವ ಮಕ್ಕಳಿರುತ್ತಾರೆ, ಅನನ್ಯಾಳಿಗೆ ತಿಂಡಿ ತಿನ್ನಿಸಿ ಕಳುಹಿಸು, ಕಾಲು ಗಂಟೆ ಅಲ್ಲೇ ಕುಳಿತಿರಲು ಹೇಳು.

ಈಗ ನಿನ್ನ ಮಾತು. ನೀನು ಮಗಳ ಬಗ್ಗೆ ಮಾತ್ರ ಕೇಳಿದೆ, ನಿನಗೆ ನಲವತ್ತೊಂದು ತುಂಬಿದೆ ಎಂಬುದು ನನ್ನ ಮನಸ್ಸಿನಲ್ಲಿದೆ.

ನಿನ್ನ ದೊಡ್ಡಮ್ಮನಿಗೆ, ಅಂದರೆ ನನ್ನ ದೊಡ್ಡಕ್ಕನಿಗೆ, ಮುಟ್ಟು ನಿಂತು ಐದು ವರ್ಷವಾದ ಮೇಲೆ ಲಂಗದ ಮೇಲೆ ಆಗಾಗ ಕಲೆ ಕಾಣಿಸಿಕೊಂಡಿತು. ಉಷ್ಣವೆಂದುಕೊಂಡು ಜೀರಿಗೆ ನೀರು, ಎಳನೀರು ಕುಡಿದಳು. ಆ ಲಂಗವನ್ನು ಯಾರೂ ಏಳುವ ಮೊದಲೇ ಒಗೆದು, ಹಿತ್ತಲಿನ ತಂತಿಯಲ್ಲಿ ಸೀರೆಯ ಕೆಳಗೆ ಮರೆಮಾಡಿ ಒಣಹಾಕುತ್ತಿದ್ದಳು. ಬಿಳಿಸೆರಗು ಹೋಗುತ್ತಿದೆ ಎಂದು ಒಂದು ಕ್ಲಿನಿಕ್ಕಿನಲ್ಲಿ ತೋರಿಸಿದಾಗ, ಒಳಗೆ ಪರೀಕ್ಷೆ ಮಾಡದೆಯೇ ಆರು ತಿಂಗಳು ಮಾತ್ರೆ ಬರೆದುಕೊಟ್ಟರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನಾನು ಊರಿನ ಹೆಂಗಸರನ್ನೆಲ್ಲ ಕೇಳುತ್ತಿದ್ದ ಪ್ರಶ್ನೆಯನ್ನು ಒಡಹುಟ್ಟಿದವಳಿಗೆ ಕೇಳಲಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಮೂರನೇ ಹಂತ ದಾಟಿತ್ತು. ರೇಡಿಯೇಷನ್‌ಗೆ ಹೋಗಿಬರುವ ದಾರಿಯಲ್ಲಿ ಅವಳು ಹೇಳುತ್ತಿದ್ದದ್ದು ಒಂದೇ ಮಾತು, "ಹೇಳಲು ನಾಚಿಕೆಯಾಯಿತು ಕಣೆ."

ಆ ನಾಚಿಕೆಗಾಗಿಯೇ ತಪಾಸಣೆ ಹೇಗಿರುತ್ತದೆ ಎಂದು ಹೇಳುತ್ತೇನೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಡುವ ವಿಐಎ ಪರೀಕ್ಷೆಗೆ ಐದಾರು ನಿಮಿಷ ಸಾಕು. ಪರದೆಯ ಹಿಂದೆ ಮಲಗಿಸಿ, ಬೆಳಕು ಹೊಂದಿಸಿ, ಅಸಿಟಿಕ್ ಆಮ್ಲದಲ್ಲಿ ಅದ್ದಿದ ಹತ್ತಿಯನ್ನು ಗರ್ಭಕಂಠಕ್ಕೆ ತಾಗಿಸಿ, ಗಡಿಯಾರ ನೋಡುತ್ತ ಒಂದು ನಿಮಿಷ ಕಾಯುತ್ತೇವೆ. ಕೋಣೆಯಲ್ಲಿ ವಿನೆಗರ್ ವಾಸನೆ ಇರುತ್ತದೆ, ಸ್ವಲ್ಪ ಚುರುಚುರು ಅನ್ನಬಹುದು. ಆರೋಗ್ಯವಾದ ಜಾಗ ನಸುಗೆಂಪಾಗಿಯೇ ಉಳಿಯುತ್ತದೆ, ಕೋಶಗಳು ಬದಲಾಗತೊಡಗಿದ ಜಾಗ ಸುಣ್ಣ ಬಳಿದಂತೆ ಬೆಳ್ಳಗೆ ಎದ್ದು ಕಾಣುತ್ತದೆ. ಬೆಳ್ಳಗೆ ಕಂಡರೆ ಕ್ಯಾನ್ಸರ್ ಎಂದು ಅರ್ಥವಲ್ಲ. ಮುಂದಿನ ಪರೀಕ್ಷೆ ಮಾಡಿ, ಬೇಕಿದ್ದರೆ ಆ ಜಾಗವನ್ನಷ್ಟೇ ಬಿಸಿಯಿಂದಲೋ ತೀವ್ರ ಶೀತದಿಂದಲೋ ನಾಶಮಾಡಿಬಿಡುತ್ತಾರೆ, ಗರ್ಭಕೋಶ ಹಾಗೆಯೇ ಇರುತ್ತದೆ. ಮುಟ್ಟು ನಿಂತವರಲ್ಲಿ ಕೋಶಗಳು ಬದಲಾಗುವ ಜಾಗ ಒಳಕ್ಕೆ ಸರಿದಿರುವುದರಿಂದ ಅವರಿಗೆ, ಗರ್ಭಕಂಠದ ಕೋಶಗಳನ್ನು ತೆಗೆದು ನೋಡುವ ಪ್ಯಾಪ್ ಅಥವಾ ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ ಒಳ್ಳೆಯದು. ನಿನ್ನ ಅಮ್ಮನಿಗೂ ಅದನ್ನೇ ಮಾಡಿಸೋಣ. ನಮ್ಮ ಕಲಬುರಗಿ, ಬೀದರ್ ಗಡಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೀವಮಾನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಹೀಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮೂವತ್ತರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಇಬ್ಬರೂ ಈ ತಪಾಸಣೆ ಮಾಡಿಸಿಕೊಂಡಿರಲಿಲ್ಲ. ಮುಂದೆ ಅನನ್ಯಾಳಿಗೂ ಮೂವತ್ತು ತುಂಬಿದ ಮೇಲೆ ಇದು ತಪ್ಪದು, ಏಕೆಂದರೆ ಲಸಿಕೆ ಎಲ್ಲ ಬಗೆಗಳನ್ನೂ ತಡೆಯುವುದಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಕಳುಹಿಸು. ನಿನ್ನ ಮುಟ್ಟಿನ ದಿನಗಳನ್ನು ಬಿಟ್ಟು ಮುಂದಿನ ವಾರದಲ್ಲಿ ಒಂದು ದಿನ ಹೇಳು. ಅದಕ್ಕೆ ಎರಡು ದಿನ ಮೊದಲಿನಿಂದ ಒಳಗೆ ಯಾವ ಔಷಧಿಯನ್ನೂ ಇಟ್ಟುಕೊಳ್ಳಬೇಡ. ನಿನ್ನ ಅಮ್ಮನನ್ನೂ ಹೊರಡಿಸು. ಬೆಳಿಗ್ಗೆ ಒಂಬತ್ತರ ಬಸ್ಸಿಗೆ ನಾನು ಬಂದು, ಇಬ್ಬರ ಜೊತೆಗೂ ಪರದೆಯ ಒಳಗೇ ನಿಂತಿರುತ್ತೇನೆ.