ಪದಚರ್ಚೆ: ರಸ್ಟ್‌ನ ‘ಕ್ಲೋನ್’ ಅನ್ನು ಕನ್ನಡದಲ್ಲಿ ಹೇಗೆ ಹೇಳೋಣ?

ಎಲ್ಲರಿಗೂ ನಮಸ್ಕಾರ.

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಒಡೆತನದ (ಯಾವ ಮೌಲ್ಯ ಯಾವ ಹೆಸರಿಗೆ ಸೇರಿದ್ದು ಅನ್ನುವುದರ) ಅಧ್ಯಾಯದಲ್ಲಿ ಎರಡು ಪದ ಸತಾಯಿಸುತ್ತಿವೆ: ಕಾಪಿ ಮತ್ತು ಕ್ಲೋನ್. ಕೋಡ್‌ನಲ್ಲಿ ಆ ಹೆಸರುಗಳು ಹಾಗೇ ಇರಲಿ, ಅದಕ್ಕೆ ತಕರಾರಿಲ್ಲ. ವಿವರಿಸುವ ವಾಕ್ಯದಲ್ಲಿ ಏನು ಬರೆಯಬೇಕು ಅನ್ನೋದು ನನ್ನ ಪ್ರಶ್ನೆ. ಎರಡಕ್ಕೂ ‘ನಕಲು’ ಅಂತ ಬರೆದರೆ ಓದುವವರಿಗೆ ವ್ಯತ್ಯಾಸವೇ ಸಿಗುವುದಿಲ್ಲ. ರಸ್ಟ್‌ನಲ್ಲಿ ಆ ವ್ಯತ್ಯಾಸ ತಪ್ಪಿದರೆ ಮುಂದಿನ ಪಾಠ ಅರ್ಥವಾಗದು.

ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಇಲ್ಲಿದ್ದಾರೆ, ಅದಕ್ಕೆ ವಿಷಯ ಏನು ಅಂತ ಮೊದಲು ಹೇಳುತ್ತೇನೆ. ಒಂದು ವೇರಿಯಬಲ್‌ನಲ್ಲಿ (ಮೌಲ್ಯ ಇಡಲು ಹೆಸರು ಕೊಟ್ಟ ಜಾಗ) 5 ಅನ್ನುವ ಅಂಕಿ ಇದೆ. ಅದನ್ನು ಇನ್ನೊಂದು ವೇರಿಯಬಲ್‌ಗೆ ಕೊಟ್ಟರೆ ಎರಡರಲ್ಲೂ 5 ಇರುತ್ತದೆ. ಯಾರೂ ಕೇಳಲಿಲ್ಲ, ತಾನಾಗಿ ಆಯಿತು. ಇದು ಕಾಪಿ. ಈಗ ಅಂಕಿಯ ಬದಲು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ತೆಗೆದುಕೊಳ್ಳಿ. ಅದರ ಅಕ್ಷರಗಳು ಇರುವುದು ಹೀಪ್‌ನಲ್ಲಿ (ಬೇಕಾದಾಗ ಕೇಳಿ ಪಡೆಯುವ ಮೆಮೊರಿಯ ಜಾಗ). ವೇರಿಯಬಲ್‌ನೊಳಗೆ ಇರುವುದು ಮೂರು ಸಂಗತಿ: ಅಕ್ಷರಗಳು ಎಲ್ಲಿವೆ ಅನ್ನುವ ವಿಳಾಸ, ಈಗಿನ ಉದ್ದ, ಒಟ್ಟು ಎಷ್ಟು ಹಿಡಿಸಬಹುದು ಅನ್ನುವ ಲೆಕ್ಕ. 64 ಬಿಟ್ ಯಂತ್ರದಲ್ಲಿ ಇವಿಷ್ಟೂ ಸೇರಿ 24 ಬೈಟ್. ಸ್ಟ್ರಿಂಗನ್ನು ಇನ್ನೊಂದು ವೇರಿಯಬಲ್‌ಗೆ ಕೊಟ್ಟರೆ ಈ 24 ಬೈಟ್ ಅತ್ತ ಹೋಗುತ್ತದೆ, ಜೊತೆಗೆ ಒಡೆತನವೂ ಹೋಗುತ್ತದೆ. ಹಳೆಯ ಹೆಸರನ್ನು ಮತ್ತೆ ಬಳಸಿದರೆ ಕಂಪೈಲರ್ (ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುವ ತಂತ್ರಾಂಶ) ಇ0382 ಅನ್ನುವ ದೋಷ ತೋರಿಸಿ ಕೆಲಸ ನಿಲ್ಲಿಸುತ್ತದೆ. ಹಾಗೆ ಬಿಟ್ಟರೆ ಒಂದೇ ಜಾಗಕ್ಕೆ ಇಬ್ಬರು ಒಡೆಯರಾಗುತ್ತಾರೆ. ಇಬ್ಬರೂ ಕೊನೆಗೆ ಅದೇ ಜಾಗವನ್ನು ಬಿಡುಗಡೆ ಮಾಡಲು ಹೋಗುತ್ತಾರೆ. ಅಪಾಯ ಅಲ್ವಾ?

ಎರಡೂ ಕಡೆ ಸ್ಟ್ರಿಂಗ್ ಬೇಕಾದರೆ ಬಾಯಿಬಿಟ್ಟು ಕೇಳಬೇಕು. ಹೆಸರಿನ ಮುಂದೆ ಚುಕ್ಕಿ ಇಟ್ಟು ಕ್ಲೋನ್ ಅಂತ ಬರೆಯಬೇಕು. ಆಗ ಹೀಪ್‌ನಲ್ಲಿ ಹೊಸ ಜಾಗ ಪಡೆದು ಅಕ್ಷರಗಳನ್ನೆಲ್ಲ ಅಲ್ಲಿ ಮತ್ತೆ ಬರೆಯಬೇಕಾಗುತ್ತದೆ. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಸ್ಟ್ರಿಂಗನ್ನು ಹೀಗೆ ಕೊಟ್ಟರೆ ಇಷ್ಟೂ ಕೆಲಸ ಸದ್ದಿಲ್ಲದೆ ನಡೆದುಹೋಗುತ್ತದೆ. ರಸ್ಟ್‌ನಲ್ಲಿ ಖರ್ಚು ಎಲ್ಲಿ ಬೀಳುತ್ತದೆ ಅನ್ನುವುದು ಸಾಮಾನ್ಯವಾಗಿ ಕೋಡ್‌ನಲ್ಲೇ ಕಣ್ಣಿಗೆ ಬೀಳುತ್ತದೆ.

ಈಗ ಪದಗಳಿಗೆ ಬರೋಣ.

‘ನಕಲು’ ಎಲ್ಲರಿಗೂ ಗೊತ್ತು. ಪರೀಕ್ಷೆಯ ನಕಲು, ನಕಲಿ ಸಹಿ ಅಂತ ಸ್ವಲ್ಪ ಕೆಟ್ಟ ವಾಸನೆ ಇದೆ ನಿಜ. ಆದರೆ ಕಂಪ್ಯೂಟರ್ ಮೆನುಗಳಲ್ಲಿ ‘ನಕಲಿಸಿ’, ‘ಅಂಟಿಸಿ’ ನೋಡಿ ನೋಡಿ ಅದು ಹೋಗಿಬಿಟ್ಟಿದೆ. ಒಂದು ತಮಾಷೆ ಗಮನಿಸಿ. ಈ ಪದ ಅರಬ್ಬಿಯ ‘ನಕ್ಲ್’ನಿಂದ ಬಂದದ್ದು. ಅಲ್ಲಿ ಅದಕ್ಕೆ ಸಾಗಿಸುವುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದು ಅನ್ನುವ ಅರ್ಥವೂ ಇದೆ. ನಕಲು ಮಾಡುವುದು, ಒಯ್ಯುವುದು ಅಂತ ರಸ್ಟ್ ಕಷ್ಟಪಟ್ಟು ಬೇರೆ ಮಾಡಿದ ಎರಡು ಕೆಲಸ ಈ ಒಂದು ಪದದ ಹೊಟ್ಟೆಯಲ್ಲಿ ಒಟ್ಟಿಗೇ ಇವೆ!

‘ಪ್ರತಿ’ ನನಗೆ ಇಷ್ಟ. ಆದರೆ ‘ಪ್ರತಿ ಪ್ರತಿಗೂ’ ಅಂತ ಬರೆಯುವ ಸಂದರ್ಭ ಬಂದಾಗ ಓದುವವರು ಎಡವುತ್ತಾರೆ.

ಹೆಚ್ಚು ಜನ ಹೇಳುವುದು ‘ತದ್ರೂಪಿ’. 1996ರಲ್ಲಿ ಹುಟ್ಟಿದ ಡಾಲಿ ಕುರಿಯ ಸುದ್ದಿ ಬಂದ ಮೇಲೆ ಕ್ಲೋನ್ ಅಂದರೆ ತದ್ರೂಪಿ ಅನ್ನುವುದು ಚೆನ್ನಾಗಿ ಕೂತುಬಿಟ್ಟಿದೆ. ಜೀವಶಾಸ್ತ್ರಕ್ಕೆ ಸರಿ. ರಸ್ಟ್‌ಗೆ ತಂದರೆ ಉಲ್ಟಾ ಆಗುತ್ತದೆ. ಒಂದೊಂದು ಬಿಟ್ ಕೂಡ ಹಾಗೆಹಾಗೇ ಬರುವುದು ಕಾಪಿಯಲ್ಲಿ. ಕ್ಲೋನ್‌ಗೆ ಆ ಕಟ್ಟುಪಾಡಿಲ್ಲ. ನೂರು ಅಕ್ಷರ ಹಿಡಿಸುವ ಸ್ಟ್ರಿಂಗ್‌ನಲ್ಲಿ ಹತ್ತೇ ಅಕ್ಷರ ಇದ್ದರೆ, ಕ್ಲೋನ್ ಮಾಡಿದ್ದರಲ್ಲಿ ನೂರರ ಜಾಗ ಇರಬೇಕೆಂದಿಲ್ಲ. ವಿಳಾಸವಂತೂ ಬೇರೆಯೇ. ಅಂದಮೇಲೆ ತದ್ರೂಪಿ ಅನ್ನುವ ಬಿರುದು ಕಾಪಿಗೇ ಹೆಚ್ಚು ಒಪ್ಪುತ್ತದೆ. (ಕ್ಲೋನ್ ಅನ್ನುವುದು ಗ್ರೀಕಿನಲ್ಲಿ ಟೊಂಗೆ, ಟಿಸಿಲು. ಟೊಂಗೆ ನೆಟ್ಟು ಬೆಳೆಸಿದ ಗಿಡಗಳಿಗಾಗಿ ಅಮೆರಿಕದ ಸಸ್ಯವಿಜ್ಞಾನಿ ಹರ್ಬರ್ಟ್ ವೆಬರ್ 1903ರಲ್ಲಿ ಆ ಪದ ತಂದರು. ಆ ದಾರಿ ಹಿಡಿದು ‘ಟಿಸಿಲೊಡೆಸು’ ಅನ್ನಬಹುದೇನೋ, ಆದರೆ ಸುಮ್ನೆ ಗೊಂದಲ.)

ಒಳಗಿನದ್ದೂ ಸೇರಿ ಎರಡಾದರೆ ‘ಆಳನಕಲು’, ಮೇಲಿನದ್ದು ಮಾತ್ರ ಆದರೆ ‘ಮೇಲ್ನಕಲು’ ಅಂತ ಜೋಡಿ ಮಾಡುವುದೂ ಒಂದು ದಾರಿ. ಅದೂ ನಿಲ್ಲುವುದಿಲ್ಲ. ಒಂದೇ ಮೌಲ್ಯಕ್ಕೆ ಹಲವು ಒಡೆಯರು ಇರಲಿ ಅಂತ ಆರ್‌ಸಿ ಎಂಬ ಟೈಪ್ (ಮೌಲ್ಯದ ಬಗೆ) ಇದೆ. ಅದನ್ನು ಕ್ಲೋನ್ ಮಾಡಿದರೆ ಒಳಗಿನ ಮೌಲ್ಯ ಎರಡಾಗುವುದೇ ಇಲ್ಲ. ಒಡೆಯರ ಎಣಿಕೆ ಒಂದು ಏರುತ್ತದೆ, ಅಷ್ಟೆ. ಕೇಳಿ ಪಡೆದದ್ದು ಹೌದು, ಆಳ ಮಾತ್ರ ಇಲ್ಲ.

ಹೀಗೆ ಯೋಚಿಸುತ್ತ ಹೋದಾಗ ನನಗೆ ಅನಿಸಿದ್ದು ಇಷ್ಟು. ನಾವು ನಾಮಪದದಲ್ಲಿ ಹುಡುಕುತ್ತಿದ್ದೇವೆ, ವ್ಯತ್ಯಾಸ ಇರುವುದು ಕ್ರಿಯೆಯಲ್ಲಿ. ಕನ್ನಡಕ್ಕೆ ಅದು ಸಲೀಸು. ‘ಆಗು’ ಇದೆ, ‘ಮಾಡಿಸು’ ಇದೆ. ‘ಅಂಕಿ ನಕಲಾಗುತ್ತದೆ, ಸ್ಟ್ರಿಂಗನ್ನು ನಕಲು ಮಾಡಿಸಬೇಕು’ ಅಂತ ಬರೆದರೆ ಸಾಕು, ‘ಸ್ಪಷ್ಟವಾಗಿ’, ‘ಸೂಚ್ಯವಾಗಿ’ ಅನ್ನುವ ಭಾರದ ಪದಗಳು ಬೇಕಾಗುವುದಿಲ್ಲ. ‘ಮಾಡು’ ಬಿಟ್ಟು ‘ಮಾಡಿಸು’ ಆರಿಸಲು ಕಾರಣ ಇದೆ. ಕ್ಲೋನ್ ಅಂತ ಕರೆದಾಗ ನಡೆಯುವುದು ಆ ಟೈಪ್‌ಗೆ ಅಂತಲೇ ಬರೆದ ಕೋಡ್. ಹೇಗೆ ನಕಲು ಮಾಡಬೇಕು ಅನ್ನುವುದು ಅದಕ್ಕೇ ಬಿಟ್ಟದ್ದು. ನಾವು ಹೇಳಿ ಮಾಡಿಸುತ್ತೇವೆ. ಆರ್‌ಸಿ ತನ್ನ ರೀತಿಯಲ್ಲಿ ಮಾಡಿಕೊಡುತ್ತದೆ, ಸ್ಟ್ರಿಂಗ್ ತನ್ನ ರೀತಿಯಲ್ಲಿ. ಕಾಪಿಯಲ್ಲಿ ಅಂಥ ಯಾವ ಕೋಡೂ ಓಡುವುದಿಲ್ಲ, ಬೈಟ್‌ಗಳು ಹೋಗಿ ಕೂರುತ್ತವೆ.

ಇನ್ನೊಂದು ನಿಯಮವೂ ಇದರಲ್ಲಿ ಸುಲಭವಾಗಿ ಹೇಳಲು ಬರುತ್ತದೆ. ರಸ್ಟ್‌ನಲ್ಲಿ ಕಾಪಿ ಆಗುವ ಪ್ರತಿಯೊಂದು ಟೈಪೂ ಕ್ಲೋನ್ ಆಗಲೇಬೇಕು. ಅಂದರೆ, ತಾನಾಗಿ ನಕಲಾಗುವುದನ್ನು ಕೇಳಿಯೂ ಮಾಡಿಸಬಹುದು. ಅಂಕಿಯ ಮೇಲೆ ಕ್ಲೋನ್ ಬರೆದರೆ ತಪ್ಪೇನಿಲ್ಲ, ಕ್ಲಿಪ್ಪಿ ಎಂಬ ತಪಾಸಣೆ ಸಾಧನ ‘ಇದು ಬೇಕಿಲ್ಲ’ ಅಂತ ಗೊಣಗುತ್ತದೆ.

ಇನ್ನೊಂದು ಪದ ಬಾರೋ: ಒಡೆತನ ಬಿಟ್ಟುಕೊಡದೆ ಮೌಲ್ಯವನ್ನು ಬಳಸಲು ಕೊಡುವುದು. ಅದಕ್ಕೆ ‘ಸಾಲ’ ಅಂತ ಕೆಲವರು ಬರೆದದ್ದು ನೋಡಿದೆ. ದಯವಿಟ್ಟು ‘ಎರವಲು’ ಬಳಸೋಣ. ಸಾಲದ ಹಣ ವಾಪಸು ಕೊಡುವಾಗ ಅದೇ ನೋಟು ಕೊಡುವುದಿಲ್ಲ. ಎರವಲು ತಂದದ್ದಾದರೆ ಅದೇ ವಸ್ತು ವಾಪಸು ಹೋಗಬೇಕು. ರಸ್ಟ್‌ನಲ್ಲೂ ಹಾಗೇ, ಮೌಲ್ಯ ಒಂದೇ ಇರುತ್ತದೆ.

ನನ್ನ ‘ಆಗು, ಮಾಡಿಸು’ ಜೋಡಿ ಎರಡು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲನೆಯದು ಆರ್‌ಸಿ. ‘ನಕಲು ಮಾಡಿಸು’ ಅಂದರೆ ಒಳಗಿನ ಮೌಲ್ಯವೇ ಎರಡಾಯಿತು ಅಂತ ಓದುವವರು ತಿಳಿದರೆ ಕಷ್ಟ. ಅಲ್ಲಿ ಮಾತ್ರ ‘ಇನ್ನೊಂದು ಪಾಲು ಕೇಳು’ ಅಂತ ಬರೆಯಲೇ? ಎರಡನೆಯದು ಇದಕ್ಕಿಂತ ಕಗ್ಗಂಟು. ಸಾಲಿನಲ್ಲಿರುವುದನ್ನು ಒಂದೊಂದಾಗಿ ಕೊಡುವ ಇಟರೇಟರ್‌ಗಳಿಗೆ, ಒಂದೊಂದನ್ನೂ ಕ್ಲೋನ್ ಮಾಡಿ ಕೊಡುವ ಕ್ಲೋನ್ಡ್ ಅನ್ನುವ ಮೆಥಡ್ (ಕರೆದಾಗ ಓಡುವ ಕೋಡ್) ಇದೆ. 2019ರಲ್ಲಿ ಬಂದ 1.36 ಆವೃತ್ತಿಯಿಂದ ಕಾಪಿ ಮಾಡಿ ಕೊಡುವ ಕಾಪಿಡ್ ಅನ್ನುವುದೂ ಇದೆ. ಕಾಪಿಡ್ ನಡೆಯುವುದು ಕಾಪಿ ಟೈಪ್‌ಗಳ ಮೇಲೆ ಮಾತ್ರ, ಆದರೂ ಅದನ್ನು ನಾವೇ ಬರೆದು ಕೇಳಬೇಕು! ತಾನಾಗಿ ಆಗುವುದನ್ನು ಹೇಳಿ ಮಾಡಿಸಿದ ಹಾಗಾಯಿತು. ಇಲ್ಲಿ ‘ನಕಲಾಗಿಸು’ ಅಂತ ನಾನು ಗುರುತು ಹಾಕಿಕೊಂಡಿದ್ದೇನೆ, ಕಿವಿಗೆ ಹಿತವಾಗಿಲ್ಲ. ನೀವಾದರೆ ಏನು ಬರೆಯುತ್ತೀರಿ?