ಸಹಾಯ ಬೇಕು: ಎಲ್‌ಎಲ್ (ಲರ್ನರ್ ಲೈಸೆನ್ಸ್) ಧಾರವಾಡದ್ದು, ಡ್ರೈವಿಂಗ್ ಟೆಸ್ಟ್ ಪುಣೆಯಲ್ಲಿ ಕೊಡಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ಕೆಲಸಕ್ಕೆ ಅಂತ ಪುಣೆಗೆ ಬಂದು ಹಡಪ್ಸರದಲ್ಲಿದ್ದೇನೆ. ಊರಲ್ಲಿದ್ದಾಗಲೇ ಲೈಸೆನ್ಸ್‌ಗೆ ಅರ್ಜಿ ಹಾಕುವ ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಕಾರಿನ ಎಲ್‌ಎಲ್ ಮಾಡಿಸಿದ್ದೆ. 30 ದಿನ ಕಳೆದಿದೆ, ಟೆಸ್ಟ್ ಕೊಡಬಹುದು. ಆದರೆ ಎಲ್‌ಎಲ್ ನಡೆಯೋದು 6 ತಿಂಗಳು ಮಾತ್ರ ಅಲ್ವಾ, ಅದೂ ಮುಗಿಯುತ್ತಾ ಬಂತು. ಅದೇ ಚಿಂತೆ.

ಪೋರ್ಟಲ್‌ನಲ್ಲಿ ಮಹಾರಾಷ್ಟ್ರ ಆರಿಸಿ ನನ್ನ ಎಲ್‌ಎಲ್ ನಂಬರ್ ಹಾಕಿದರೆ ಮುಂದಕ್ಕೇ ಹೋಗುತ್ತಿಲ್ಲ. ಇಲ್ಲಿನ ಡ್ರೈವಿಂಗ್ ಸ್ಕೂಲಿನವರೊಬ್ಬರು ಹೊಸ ಎಲ್‌ಎಲ್ ಮಾಡಿಸಿ ಅಂತಾರೆ. ಇನ್ನೊಬ್ಬರು ಊರಿಗೇ ಹೋಗಿ ಟೆಸ್ಟ್ ಕೊಟ್ಟು ಬನ್ನಿ ಅಂತಾರೆ. ಹೊಸ ಕೆಲಸ, ರಜೆ ಸಿಗೋದು ಕಷ್ಟ. ಆಧಾರ್‌ನಲ್ಲಿ ಇನ್ನೂ ಧಾರವಾಡದ ವಿಳಾಸವೇ ಇದೆ, ಇಲ್ಲಿನದಕ್ಕೆ ಬಾಡಿಗೆ ಅಗ್ರಿಮೆಂಟ್ ಮಾತ್ರ.

ಕರ್ನಾಟಕದ ಎಲ್‌ಎಲ್ ಮೇಲೆ ಪುಣೆಯಲ್ಲೇ ಟೆಸ್ಟ್ ಕೊಟ್ಟವರು ಇದ್ದೀರಾ? ಏನೇನು ದಾಖಲೆ ಕೇಳಿದರು? ಇಲ್ಲ, ಹೊಸ ಎಲ್‌ಎಲ್ ಮಾಡಿಸಲೇಬೇಕಾ?